ಬದು ಬಾಗಿ ಕಂಡ ಸರ್ವೇಯರ್: ಒಂದು ಕಣ್ಣಿನ ಪ್ರಕರಣ

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ಹೋಗುವ ಮೊದಲು ಕೂರಿಸಿ ಅಕ್ಷರ ಓದಿಸುತ್ತಾರಲ್ಲ, ಕನ್ನಡಕದ ನಂಬರ್ ನೋಡುತ್ತಾರಲ್ಲ, ಆ ಕೆಲಸ ನನ್ನದು. ಆಪ್ಟೊಮೆಟ್ರಿಸ್ಟ್ ಅಂತಾರೆ. ಕಣ್ಣಲ್ಲಿ ನಿಜವಾಗಿ ರೋಗ ಇದ್ದು ಹೆದರುವವರೂ ನಮ್ಮ ಕುರ್ಚಿಗೆ ಬರುತ್ತಾರೆ, ಏನೂ ಇಲ್ಲದೆ ಹೆದರುವವರೂ ಬರುತ್ತಾರೆ. ಈ ಪ್ರಕರಣದ ವ್ಯಕ್ತಿ ಒಂದೇ ವರ್ಷದಲ್ಲಿ ಎರಡೂ ಆಗಿದ್ದರು. ಕಣ್ಣಿನ ಒಳಪದರದ ಕೆಳಗೆ ನೀರು ತುಂಬಿದ್ದಾಗ ‘ಟೆನ್ಷನ್ ಅಷ್ಟೇ’ ಅನ್ನಿಸಿಕೊಂಡರು. ನೀರು ಹೋದ ಮೇಲೆ ನಾವು ‘ಏನೂ ಇಲ್ಲ’ ಎಂದರೆ ನಂಬಲಿಲ್ಲ. ಅವರ ಮಟ್ಟಿಗೆ ನೋಡಿದರೆ ನಂಬದಿದ್ದದ್ದೇ ಸರಿ, ಅಲ್ವಾ? ಒಮ್ಮೆ ಆ ಮಾತು ಸುಳ್ಳಾಗಿತ್ತಲ್ಲ.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಕೆಲಸ ಮಾತ್ರ ಹಾಗೇ ಇಟ್ಟಿದ್ದೇನೆ, ಅದನ್ನು ತೆಗೆದರೆ ಮುಂದಿನದು ಅರ್ಥವಾಗುವುದಿಲ್ಲ. ಸರ್ವೇಯರ್ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಸರ್ವೇಯರಿಗೆ ನಲವತ್ತರ ಆಸುಪಾಸು. ಪರವಾನಗಿ ಪಡೆದ ಭೂಮಾಪಕರು. ಹದ್ದುಬಸ್ತು (ಜಮೀನಿನ ಗಡಿ ಗುರುತಿಸುವುದು), ಪೋಡಿ (ಜಮೀನು ಭಾಗ ಮಾಡಿ ಬೇರೆ ನಂಬರ್ ಮಾಡುವುದು), 11ಇ ನಕ್ಷೆ, ಇದೇ ದಿನನಿತ್ಯದ ಕೆಲಸ. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾರಬೇಕಾದರೆ 11ಇ ನಕ್ಷೆ ಬೇಕು. ಹಾಗಾಗಿ ಪ್ರತಿ ಅರ್ಜಿಯ ಹಿಂದೆ ಅವಸರದಲ್ಲಿರುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಅಳತೆ ಕೆಲಸ ಜಾಸ್ತಿ. ಹಗಲು ಹೊಲದಲ್ಲಿ, ರಾತ್ರಿ ಕಂಪ್ಯೂಟರ್ ಮುಂದೆ. ಆ ವರ್ಷ ಮನೆ ಬೇರೆ ಕಟ್ಟಿಸುತ್ತಿದ್ದರು. ಸಾಲ ಇತ್ತು, ನಿದ್ದೆ ಇರಲಿಲ್ಲ. ಧೂಳಿನ ಅಲರ್ಜಿ ಹಳೆಯ ಸಂಗಾತಿ.

ಇನ್ನೊಂದು ವಿಷಯ ಬಹಳ ಮುಖ್ಯ. ಅವರ ತಾಯಿಗೆ ವಯಸ್ಸಾದ ಮೇಲೆ ಮ್ಯಾಕ್ಯುಲಾ ಸವೆತ ಆಗಿತ್ತು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರಕ್ಕೆ ಅಕ್ಷಿಪಟಲ ಅಥವಾ ರೆಟಿನಾ ಅಂತಾರೆ. ಮ್ಯಾಕ್ಯುಲಾ ಅಂದರೆ ಅದರ ನಡುಭಾಗ. ಓದಲು, ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ನಾವು ಬಳಸುವುದು ಈ ನಡುಭಾಗವನ್ನೇ. ತಾಯಿಗೆ ಸುತ್ತಲಿನದು ಕಾಣುತ್ತಿತ್ತು, ನಡುವಿನದು ಕಾಣುತ್ತಿರಲಿಲ್ಲ. ಎದುರಿಗೆ ನಿಂತ ಮಗನನ್ನು ‘ಯಾರಪ್ಪಾ?’ ಎಂದು ಕೇಳುತ್ತಿದ್ದರಂತೆ. ಆಸ್ಪತ್ರೆಗೆ ಬಂದಾಗ ತಡವಾಗಿತ್ತು, ಇಂಜೆಕ್ಷನ್ ಕೊಟ್ಟರೂ ಹೆಚ್ಚು ಉಪಯೋಗ ಆಗಲಿಲ್ಲ. ತಾಯಿಗೆ ಮೊಟ್ಟಮೊದಲು ಕಂಡ ತೊಂದರೆ ಏನು ಗೊತ್ತಾ? ಬಾಗಿಲ ಚೌಕಟ್ಟು ಸೊಟ್ಟಗೆ ಕಂಡಿದ್ದು.

ಸಮಸ್ಯೆ

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಒಂದು ಹೊಲದಲ್ಲಿ ಬಾಂದು ಕಲ್ಲಿನಿಂದ ಬಾಂದು ಕಲ್ಲಿಗೆ ಗುರಿ ಹಿಡಿದು ನೋಡುತ್ತಿದ್ದಾಗ ಬದು ನಡುವಲ್ಲಿ ಉಬ್ಬಿದಂತೆ ಕಂಡಿತು. ಅವರದೇ ಮಾತು: “ಪಕ್ಕದಲ್ಲಿರೋನು ನೆಟ್ಟಗಿದೆ ಅಂತಾನೆ ಮೇಡಂ. ನಂಗೆ ನಡುವಲ್ಲಿ ಹೊಟ್ಟೆ ಬಂದಂಗೆ ಕಾಣುತ್ತೆ.” ಎಡಗಣ್ಣು ಮುಚ್ಚಿದರೆ ಇನ್ನೂ ಜಾಸ್ತಿ. ಬಲಗಣ್ಣು ಮುಚ್ಚಿದರೆ ಬದು ನೆಟ್ಟಗೆ.

ಮೊದಲು ಹೋದದ್ದು ಕನ್ನಡಕದ ಅಂಗಡಿಗೆ. ಬಲಗಣ್ಣಿಗೆ ಸಣ್ಣ ಪ್ಲಸ್ ನಂಬರ್ ಬಂತು. ಹಾಕಿಕೊಂಡರೆ ಅಕ್ಷರ ಸ್ವಲ್ಪ ಸ್ಪಷ್ಟ, ಗೆರೆ ಮಾತ್ರ ಬಾಗಿದ್ದು ಬಾಗಿದ ಹಾಗೇ. ಆಮೇಲೆ ಒಂದು ಕಡೆ ಡಾಕ್ಟರಿಗೆ ತೋರಿಸಿದರು. ಆ ಕನ್ನಡಕ ಹಾಕಿ ಕೊನೆ ಸಾಲಿನವರೆಗೂ ಹೆಚ್ಚುಕಮ್ಮಿ ಓದಿದರು. ಕಣ್ಣಿನ ಮುಂಭಾಗ ಸರಿಯಿತ್ತು. ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆ ನೋಡಲಿಲ್ಲ. ಕಂಪ್ಯೂಟರ್ ಜಾಸ್ತಿ ನೋಡ್ತೀರಿ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಎಂದು ಕಣ್ಣಿನ ಹನಿ ಕೊಟ್ಟು ಕಳಿಸಿದರು.

ಮನೆಗೆ ಬಂದು ಮೊಬೈಲಿನಲ್ಲಿ ‘ನೇರ ಗೆರೆ ಬಾಗಿ ಕಾಣುವುದು’ ಎಂದು ಹುಡುಕಿದರು. ಮೇಲೆ ಬಂದದ್ದೇ ತಾಯಿಯ ಕಾಯಿಲೆಯ ಹೆಸರು. ಅಲ್ಲಿಂದ ಅವರಿಗೆ ನಿದ್ದೆ ಹೋಯಿತು.

ನಮ್ಮಲ್ಲಿಗೆ ಬಂದಾಗ ಶಿವರಾತ್ರಿ ಹತ್ತಿರ. ಜೊತೆಗೆ ಅವರ ಮನೆಯವರೂ, ಅಂದರೆ ಹೆಂಡತಿ, ಬಂದಿದ್ದರು. ಇವರು ಕುರ್ಚಿಯಲ್ಲಿ ಕೂತವರೇ ನಮ್ಮ ಕಿಟಕಿಯ ಸರಳುಗಳನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಲು ಶುರು ಮಾಡಿದರು. ನಾನು ಇನ್ನೂ ಏನೂ ಕೇಳಿರಲಿಲ್ಲ.

ಗ್ರಿಡ್ ಮೇಲೆ ಪೆನ್ಸಿಲ್

ನೋಟ ಸೊಟ್ಟ ಕಾಣುತ್ತೆ ಎನ್ನುವವರನ್ನು ಮೊದಲು ಕೇಳಬೇಕಾದದ್ದು ಒಂದು ಕಣ್ಣಾ, ಎರಡೂ ಕಣ್ಣಾ ಎಂದು. ಒಂದು ಕಣ್ಣು ಮುಚ್ಚಿದಾಗ ಪೂರ್ತಿ ಮಾಯವಾದರೆ ಸಾಮಾನ್ಯವಾಗಿ ತೊಂದರೆ ಆ ಕಣ್ಣಿನಲ್ಲೇ ಇರುತ್ತದೆ. ಎರಡೂ ಕಣ್ಣಲ್ಲಿ ಒಂದೇ ಥರ ಮಿನುಗುವ ಅಂಕುಡೊಂಕು ಗೆರೆ ಬಂದು, ಇಪ್ಪತ್ತು ಮೂವತ್ತು ನಿಮಿಷ ಹರಡಿ ಹೋಗಿಬಿಟ್ಟರೆ ಹೆಚ್ಚಾಗಿ ಅದು ಮೈಗ್ರೇನ್. ಅದು ಹುಟ್ಟುವುದು ಮಿದುಳಿನಲ್ಲಿ. ಇವರದು ಒಂದೇ ಕಣ್ಣು, ದಿನವಿಡೀ, ಒಂದೇ ಜಾಗ.

ಆಮ್ಸ್ಲರ್ ಗ್ರಿಡ್ ಕೊಟ್ಟೆ. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ ಬಳಕೆಗೆ ತಂದ ಹಾಳೆ ಅದು. 10 ಸೆಂಟಿಮೀಟರ್ ಚೌಕದೊಳಗೆ 5 ಮಿಲಿಮೀಟರಿನ ಮನೆಗಳು, ಒಟ್ಟು 400, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಸುಮಾರು 30 ಸೆಂಟಿಮೀಟರ್ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಬೇಕು. ಗೆರೆ ಎಲ್ಲಿ ಬಾಗಿದೆ, ಎಲ್ಲಿ ಮಸುಕಾಗಿದೆ ಹೇಳಬೇಕು. ಬಹಳ ಜನ ಬೆರಳಿನಿಂದ ‘ಇಲ್ಲೆಲ್ಲೋ’ ಅಂತ ತೋರಿಸುತ್ತಾರೆ. ಇವರು ಪೆನ್ಸಿಲ್ ಕೇಳಿದರು. ಚುಕ್ಕೆಯಿಂದ ಎಡಕ್ಕೆ ಎರಡು ಮನೆ, ಕೆಳಕ್ಕೆ ನಾಲ್ಕು ಮನೆ ಎಂದು ಎಣಿಸಿ, ಬಾಗಿದ ಭಾಗಕ್ಕೆ ಎಲ್ಲೆ ಹಾಕಿ, ಒಳಗೆ ಓರೆಗೆರೆ ಎಳೆದುಕೊಟ್ಟರು. ಪಕ್ಕದಲ್ಲಿ ತಾರೀಖು, ಸಮಯ. ಹೊಲದ ನಕ್ಷೆ ಬರೆದಂತೆಯೇ. ಬಲಗಣ್ಣಲ್ಲಿ ಅಕ್ಷರ ಸ್ವಲ್ಪ ಚಿಕ್ಕದಾಗಿ ಕಾಣುತ್ತೆ, ಬಿಳಿ ಗೋಡೆ ಕೊಂಚ ಕಂದು ಕಾಣುತ್ತೆ ಎಂದೂ ಹೇಳಿದರು. ಬಲಗಣ್ಣು ಕನ್ನಡಕ ಇಲ್ಲದೆ 6/12, ಪ್ಲಸ್ ಲೆನ್ಸ್ ಇಟ್ಟರೆ 6/9 (6/6 ಅಂದರೆ ಸರಿಯಾದ ದೃಷ್ಟಿ, ಎರಡನೇ ಅಂಕಿ ಹೆಚ್ಚಿದಷ್ಟೂ ದೃಷ್ಟಿ ಕಮ್ಮಿ).

ಕಣ್ಣು ಗೊತ್ತಿರುವವರಿಗೆ ಇಷ್ಟು ಸಾಕು. ನಲವತ್ತರ ಗಂಡಸು, ಹೊಸದಾಗಿ ಪ್ಲಸ್ ನಂಬರ್, ನಡುವಲ್ಲಿ ಬಾಗು, ವಸ್ತು ಚಿಕ್ಕದಾಗಿ ಕಾಣುವುದು. ಹನಿ ಹಾಕಿ, ಓಸಿಟಿ ಮಾಡಿ, ರೆಟಿನಾ ಡಾಕ್ಟರ ಹತ್ತಿರ ಕಳಿಸಿದೆ.

ಓಸಿಟಿ ಎಂದರೆ ಬೆಳಕು ಹಾಯಿಸಿ ಅಕ್ಷಿಪಟಲದ ಪದರಗಳನ್ನು ಅಡ್ಡವಾಗಿ ಕತ್ತರಿಸಿದ ಹಾಗೆ ತೋರಿಸುವ ಸ್ಕ್ಯಾನ್. ಎಕ್ಸ್‌ರೇ ಅಲ್ಲ, ನೋವಿಲ್ಲ, ಕೆಲವು ನಿಮಿಷದ ಕೆಲಸ. ಚಿತ್ರದಲ್ಲಿ ಮ್ಯಾಕ್ಯುಲಾ ತನ್ನ ಕೆಳಗಿನ ಪದರದಿಂದ ಎದ್ದು ನಿಂತಿತ್ತು. ಕೆಳಗೆ ಕಪ್ಪಾಗಿ ನೀರು. ಕಾಯಿಲೆಯ ಹೆಸರು ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ, ಚಿಕ್ಕದಾಗಿ ಸಿಎಸ್‌ಸಿ. ಅಕ್ಷಿಪಟಲದ ಹಿಂದಿರುವ ರಕ್ತನಾಳಗಳ ಪದರದಿಂದ ನೀರು ಸೋರಿ, ತಡೆಯಬೇಕಾದ ಪದರವನ್ನು ದಾಟಿ, ಮ್ಯಾಕ್ಯುಲಾ ಕೆಳಗೆ ಸೇರುತ್ತದೆ. ಜರ್ಮನಿಯ ಫಾನ್ ಗ್ರೇಫ 1866ರಲ್ಲೇ ಇದನ್ನು ವಿವರಿಸಿದ್ದರು. ಅಕ್ಷಿಪಟಲ ಮುಂದಕ್ಕೆ ಬಂದಿರುವುದರಿಂದ ಪ್ಲಸ್ ನಂಬರ್ ಬರುತ್ತದೆ. ಅಂಗಡಿಯಲ್ಲಿ ಕೊಟ್ಟ ನಂಬರ್ ತಪ್ಪಾಗಿರಲಿಲ್ಲ. ಆದರೆ ಅದು ಯಾಕೆ ಬಂತು ಎಂದು ಯಾರೂ ಕೇಳಿರಲಿಲ್ಲ.

“ಇದು ತಾಯಿಗೆ ಬಂದ ಕಾಯಿಲೆ ಅಲ್ಲ” ಎಂದು ಡಾಕ್ಟರು ಹೇಳಿದಾಗ ಸರ್ವೇಯರಿಗೆ ಸಮಾಧಾನ ಆಗಲಿಲ್ಲ. “ಅಲ್ಲ ಅಂತ ಹೆಂಗೆ ಗೊತ್ತು ಸಾರ್?” ಎಂದರು. ಕೇಳಬೇಕಾದ ಪ್ರಶ್ನೆಯೇ. ಮ್ಯಾಕ್ಯುಲಾ ಸವೆತ ಹೆಚ್ಚಾಗಿ ಐವತ್ತು ದಾಟಿದವರದು. ಆದರೂ ಹೊಸ ರಕ್ತನಾಳ ಬೆಳೆದು ನೀರು ಸೋರುವುದೂ ಉಂಟು. ಅದನ್ನು ತಳ್ಳಿಹಾಕಲು ಕೈ ನರಕ್ಕೆ ಫ್ಲೋರೆಸೀನ್ ಬಣ್ಣ ಕೊಟ್ಟು ಫೋಟೋ ತೆಗೆದರು. ಒಂದೇ ಒಂದು ಸಣ್ಣ ಸೋರಿಕೆ, ಹೊಸ ರಕ್ತನಾಳ ಇಲ್ಲ. ಒಂದು ದಿನ ಮೂತ್ರ ಗಾಢ ಹಳದಿ ಹೋಗುತ್ತೆ, ಮೈ ಕೂಡ ಸ್ವಲ್ಪ ಹಳದಿ ಕಾಣಬಹುದು ಎಂದು ಮೊದಲೇ ಎರಡೆರಡು ಸಲ ಹೇಳಿ ಕಳಿಸಿದೆ. ಇಂಥ ರೋಗಿಗೆ ಹೇಳದೆ ಕಳಿಸಿದರೆ ರಾತ್ರಿ ಕಾಮಾಲೆ ಅಂತ ಫೋನ್ ಬರುತ್ತದೆ.

ಮೂಗಿನ ಸ್ಪ್ರೇ

ಸಿಎಸ್‌ಸಿ ಎಂದ ಕೂಡಲೇ ಕೇಳುವ ಪ್ರಶ್ನೆ ಸ್ಟಿರಾಯ್ಡ್ ಬಗ್ಗೆ. ಮಾತ್ರೆ, ಇಂಜೆಕ್ಷನ್, ಇನ್‌ಹೇಲರ್, ಮೂಗಿನ ಸ್ಪ್ರೇ, ಚರ್ಮದ ಮುಲಾಮು, ಯಾವ ದಾರಿಯಲ್ಲಿ ಬಂದ ಸ್ಟಿರಾಯ್ಡಿಗೂ ಈ ಕಾಯಿಲೆಯ ಜೊತೆ ನಂಟು ಕಂಡಿದೆ. ಮಾತ್ರೆ, ಇಂಜೆಕ್ಷನ್‌ನ ನಂಟು ಎಲ್ಲಕ್ಕಿಂತ ಗಟ್ಟಿ. ಒತ್ತಡ, ನಿದ್ದೆಗೇಡು ಕೂಡ ಪಟ್ಟಿಯಲ್ಲಿವೆ. ಒತ್ತಡದಲ್ಲಿ ಮೈಯೇ ತಯಾರಿಸುವ ಕಾರ್ಟಿಸಾಲ್ ಕೂಡ ಸ್ಟಿರಾಯ್ಡೇ. ಅಂದರೆ ‘ಟೆನ್ಷನ್’ ಎಂದವರ ಮಾತಿನಲ್ಲಿ ಒಂದು ಎಳೆ ನಿಜ ಇತ್ತು. ಆದರೆ ಅವರು ಅದನ್ನು ಕಾಯಿಲೆಗೆ ಕಾರಣ ಎಂದು ಹೇಳಲಿಲ್ಲ, ಕಾಯಿಲೆಯೇ ಇಲ್ಲ ಎನ್ನುವುದಕ್ಕೆ ಬಳಸಿದರು.

“ಯಾವುದಾದ್ರೂ ಮಾತ್ರೆ ತಗೋತೀರಾ?” ಡಾಕ್ಟರು ಕೇಳಿದರು. “ಇಲ್ಲ ಸಾರ್, ಬಿಪಿ ಇಲ್ಲ, ಶುಗರ್ ಇಲ್ಲ.” ಸ್ಟಿರಾಯ್ಡ್? “ಅಯ್ಯೋ ಇಲ್ಲ.” ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಸ್ಟಿರಾಯ್ಡ್ ಎಂದರೆ ಜಿಮ್ಮಿನ ಹುಡುಗರು ತಗೊಳ್ಳುವಂಥದ್ದು. ಹಾಗಾಗಿ ಪ್ರಶ್ನೆ ಬದಲಿಸಿದೆವು. ಮೂಗಿಗೆ ಏನಾದ್ರೂ? ಚರ್ಮಕ್ಕೆ? ಮಂಡಿನೋವಿಗೆ? ಸೀನು ಬಂದ್ರೆ ಏನ್ ಮಾಡ್ತೀರಿ?

ಅವರ ಮನೆಯವರು ಮಾತಾಡಲಿಲ್ಲ. ವ್ಯಾನಿಟಿ ಬ್ಯಾಗಿನಿಂದ ಒಂದು ಸ್ಪ್ರೇ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದು ಚಿಕ್ಕ ಪೇಪರ್ ಕವರ್. ಒಳಗೆ ಪಟ್ಟಿಯಿಂದ ಬಿಡಿಸಿದ ಸಣ್ಣ ಬಿಳಿ ಮಾತ್ರೆಗಳು.

ಸ್ಪ್ರೇಯನ್ನು ಮೂಗಿನ ಡಾಕ್ಟರೇ ಬರೆದಿದ್ದರು, ಆದರೆ ಸ್ವಲ್ಪ ಕಾಲಕ್ಕೆ. ಇವರು ಹಳೇ ಡಬ್ಬಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಗೊಳ್ಳುತ್ತಾ ಇದ್ದರು. ಸುಗ್ಗಿ ಕಾಲದ ಧೂಳಿಗೆ ಹೇಳಿದ್ದಕ್ಕಿಂತ ಜಾಸ್ತಿ ಹೊಡೆಯುತ್ತಿದ್ದರು. ಬಿಳಿ ಮಾತ್ರೆ ಅಂಗಡಿಯವನೇ ಕೊಟ್ಟದ್ದು. ‘ಅಲರ್ಜಿ ಮಾತ್ರೆ, ಒಂದು ತಗೊಂಡ್ರೆ ಮಧ್ಯಾಹ್ನಕ್ಕೆಲ್ಲ ಸರಿಹೋಗುತ್ತೆ’. ಕವರ್ ಮೇಲೆ ಹೆಸರಿಲ್ಲ. ಸರ್ವೇಯರ್ ಮತ್ತೆ ಅದೇ ಅಂಗಡಿಗೆ ಹೋಗಿ ಮಾತ್ರೆ ಪಟ್ಟಿ ನೋಡಿ ಹೆಸರು ಬರೆದುಕೊಂಡು ಬಂದರು: ಬೀಟಾಮೆಥಾಸೋನ್. ಗಟ್ಟಿ ಸ್ಟಿರಾಯ್ಡ್.

ಇದೇ ಕಾರಣ ಎಂದು ಒಬ್ಬ ರೋಗಿಯಲ್ಲಿ ಖಡಾಖಂಡಿತ ಹೇಳಲಾಗದು. ಮಾತ್ರೆ ತಗೊಂಡ ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಡಾಕ್ಟರ ತೀರ್ಮಾನ ಸರಳವಾಗಿತ್ತು. ಕಣ್ಣಿಗೆ ಬೇರೆ ಏನು ಮಾಡುವ ಮೊದಲೂ ಇದು ನಿಲ್ಲಬೇಕು. ತಾವೇ ನಿಲ್ಲಿಸಿ ಅನ್ನಲಿಲ್ಲ, ಮೂಗಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ದಿನಾ ಸ್ಟಿರಾಯ್ಡ್ ಮಾತ್ರೆ ನುಂಗುವವರು, ಅಸ್ತಮಾಕ್ಕೆ ಇನ್‌ಹೇಲರ್ ಬಳಸುವವರು ಇದನ್ನು ಓದಿ ಸಡನ್ನಾಗಿ ಬಿಟ್ಟರೆ ಕಣ್ಣಿಗಿಂತ ದೊಡ್ಡ ಅಪಾಯ ಆಗಬಹುದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ಇವರಿಗೆ ಉಪ್ಪುನೀರಿನ ಸ್ಪ್ರೇ, ಸ್ಟಿರಾಯ್ಡ್ ಇಲ್ಲದ ಅಲರ್ಜಿ ಮಾತ್ರೆ, ಹೊಲದಲ್ಲಿ ಮಾಸ್ಕ್, ಇಷ್ಟರಲ್ಲೇ ಸುಧಾರಿಸಿತು.

ಕಾಯುವುದು

ಸಿಎಸ್‌ಸಿಯ ಹೆಚ್ಚಿನ ಪ್ರಕರಣಗಳಲ್ಲಿ ಮೂರು ನಾಲ್ಕು ತಿಂಗಳಲ್ಲಿ ನೀರು ತಾನಾಗಿ ಇಂಗುತ್ತದೆ. ಆದ್ದರಿಂದ ಮೊದಲ ಚಿಕಿತ್ಸೆ ಸುಮ್ನೆ ಕಾಯುವುದು. ಕೇಳಲು ಸುಲಭ. ಕಾಯಿಲೆ ಇದೆ ಎಂದು ಒಪ್ಪಿಸಲು ಇಷ್ಟು ಅಲೆದ ಮನುಷ್ಯನಿಗೆ ಈಗ ‘ಏನೂ ಮಾಡಲ್ಲ’ ಎಂದರೆ ಹೇಗಾಗಬೇಡ?

ಅವರು ಓದಿಕೊಂಡು ಬಂದಿದ್ದರು. ಎಪ್ಲೆರಿನೋನ್ ಮಾತ್ರೆ ಕೊಡಿ ಎಂದರು. ಅದು ಮೂಲತಃ ಬಿಪಿ, ಹೃದಯದ ಔಷಧ. ಸಿಎಸ್‌ಸಿಗೂ ಅದನ್ನು ಬಹಳ ಕಡೆ ಕೊಡುತ್ತಿದ್ದದ್ದು ನಿಜ. ಬ್ರಿಟನ್ನಿನಲ್ಲಿ ಇದರಿಂದ ಉಪಯೋಗ ಇದೆಯಾ ಎಂಬ ಪ್ರಶ್ನೆ ಇಟ್ಟುಕೊಂಡು ನಡೆದ ದೊಡ್ಡ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಔಷಧ ಇಲ್ಲದ ಹುಸಿ ಮಾತ್ರೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ಡಾಕ್ಟರು ಇದನ್ನು ಬಿಡಿಸಿ ಹೇಳಿದರು. ನೀರು ಇಂಗದೆ ತಿಂಗಳುಗಟ್ಟಲೆ ನಿಂತರೆ ಔಷಧ ಕೊಟ್ಟು ಬೆಳಕು ಹಾಯಿಸುವ ಫೋಟೋಡೈನಾಮಿಕ್ ಚಿಕಿತ್ಸೆ ಇದೆ, ಸೋರಿಕೆ ನಡುವಿನಿಂದ ದೂರ ಇದ್ದರೆ ಲೇಸರ್ ಇದೆ. ಈಗ ಬೇಡ ಎಂದರೆ ಯಾವಾಗ ಬೇಕು ಎನ್ನುವುದನ್ನೂ ಹೇಳಿದ್ದರಿಂದ ಅವರು ಒಪ್ಪಿದರು ಎಂದು ನನ್ನ ಅಂದಾಜು. ಯುಗಾದಿ ಕಳೆದು ತೋರಿಸಿದಾಗ ನೀರು ಅರ್ಧಕ್ಕರ್ಧ ಕಮ್ಮಿ. ಮಳೆ ಹಿಡಿಯುವ ಹೊತ್ತಿಗೆ ಸ್ಕ್ಯಾನಿನಲ್ಲಿ ನೀರೇ ಇರಲಿಲ್ಲ. ದೃಷ್ಟಿ 6/6.

ಕಡತ ಇಲ್ಲಿಗೆ ಮುಚ್ಚಬೇಕಿತ್ತು.

ನೀರು ಹೋಯಿತು, ಹೆದರಿಕೆ ಉಳಿಯಿತು

ಆಮೇಲೆ ಅವರು ಬರುವುದು ಜಾಸ್ತಿಯಾಯಿತು. ಸಂಜೆ ಗೆರೆ ಬಾಗಿತ್ತು, ಬೆಳಗ್ಗೆ ಇರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಹೀಗೆ, ಬಿಸಿಲಲ್ಲಿ ಹಾಗೆ. ಪ್ರತಿ ಸಲ ನೋಡಿ, ಏನೂ ಇಲ್ಲ ಎಂದು ಹೇಳಿ ಕಳಿಸುತ್ತಿದ್ದೆವು. ಆ ಸಮಾಧಾನ ಬಸ್‌ಸ್ಟ್ಯಾಂಡ್ ತನಕ ಇರುತ್ತಿತ್ತು.

ಮನೆಯವರು ಒಂದು ದಿನ ಒಬ್ಬರೇ ಬಂದು ಹೇಳಿದರು. “ರಾತ್ರಿ ಎದ್ದು ಬಾಗಿಲು ನೋಡ್ತಾ ನಿಂತಿರ್ತಾರೆ ಮೇಡಂ. ಈ ಕಣ್ಣು ಮುಚ್ಚೋದು, ಆ ಕಣ್ಣು ಮುಚ್ಚೋದು. ಹೊಸ ಮನೆ ಟೈಲ್ಸ್ ಹಾಕೋವಾಗ ಮೇಸ್ತ್ರಿ ಜೊತೆ ಜಗಳ, ಗೆರೆ ಸೊಟ್ಟ ಅಂತ. ನೆಟ್ಟಗೇ ಇತ್ತು.” ಬೈಕ್ ಬಿಟ್ಟಿದ್ದರು. ಹೊಸ ಅರ್ಜಿ ತಗೊಳ್ಳುತ್ತಿರಲಿಲ್ಲ. ತಪ್ಪು ಗೆರೆ ಎಳೆದು ಅಣ್ಣತಮ್ಮಂದಿರ ನಡುವೆ ಕೋರ್ಟ್ ಕೇಸು ಹಚ್ಚಿಬಿಟ್ಟರೆ ಎಂಬ ಭಯ.

ಮುಂದಿನ ಭೇಟಿಗೆ ಒಂದು ಪ್ಲಾಸ್ಟಿಕ್ ಫೈಲ್ ತಂದರು. ಒಳಗೆ ಆಮ್ಸ್ಲರ್ ಹಾಳೆಗಳ ಕಟ್ಟು. ಜೆರಾಕ್ಸ್ ಮಾಡಿಸಿ ದಿನಾ ತುಂಬಿದ್ದರು, ಕೆಲವು ದಿನ ಗಂಟೆಗೊಂದು. ಎಲ್ಲದರಲ್ಲೂ ತಾರೀಖು, ಸಮಯ, ಬೆಳಕು ಯಾವುದು, ಯಾವ ಕಣ್ಣು ಮೊದಲು. ಜೊತೆಗೆ ಬೇರೆ ಬೇರೆ ಊರಿನಲ್ಲಿ ಮಾಡಿಸಿದ ಓಸಿಟಿ ವರದಿಗಳು. ಒಂದರಲ್ಲಿ ಮ್ಯಾಕ್ಯುಲಾ ನಡುವಿನ ದಪ್ಪ ನಮ್ಮ ವರದಿಗಿಂತ ಹತ್ತಾರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜಾಸ್ತಿ. ಅದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು. “ನೀವು ನೀರಿಲ್ಲ ಅಂತೀರಿ. ಇಲ್ಲಿ ಬೆಳೆದಿದೆ.”

ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಇಲ್ಲಿ. ‘ಹೆದರಬೇಡಿ’ ಎನ್ನುವ ಬದಲು ಅವರ ಕೆಲಸದ ಭಾಷೆಯಲ್ಲೇ ಮಾತಾಡಿದೆ. ಒಂದೇ ಹೊಲವನ್ನು ಹಳೇ ಸರಪಳಿಯಲ್ಲಿ ಅಳೆದು, ಆಮೇಲೆ ಉಪಗ್ರಹದ ಸಂಕೇತ ಹಿಡಿದು ಅಳೆಯುವ ರೋವರ್‌ನಲ್ಲಿ ಅಳೆದರೆ ಅಂಕಿ ಒಂದೇ ಬರುತ್ತಾ? ಬರಲ್ಲ. ಹಾಗಂತ ಹೊಲ ಬೆಳೆಯಿತಾ? ಅವರು ನಕ್ಕರು. ನಮ್ಮಲ್ಲಿ ಅವರು ನಕ್ಕಿದ್ದು ಆವತ್ತೇ ಮೊದಲು. ಓಸಿಟಿ ಯಂತ್ರಗಳದೂ ಅದೇ ಕಥೆ. ಒಂದು ಕಂಪನಿಯ ಯಂತ್ರ ಅಕ್ಷಿಪಟಲದ ತಳ ಎಂದು ಒಂದು ಪದರವನ್ನು ಹಿಡಿಯುತ್ತದೆ, ಇನ್ನೊಂದು ಅದರ ಕೆಳಗಿನದನ್ನು. ದಪ್ಪದ ಅಂಕಿ ಬದಲಾಗುತ್ತದೆ. ಹೋಲಿಸಬೇಕಾದರೆ ಒಂದೇ ಯಂತ್ರ ಬೇಕು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೀರು ಇರಬೇಕಾದ ಜಾಗ ತೋರಿಸಿದೆ. ಎರಡರಲ್ಲೂ ಇರಲಿಲ್ಲ.

ಆಮೇಲೆ ಅವರ ಹಾಳೆಗಳನ್ನೇ ಮೇಜಿನ ಮೇಲೆ ಹರಡಿದೆವು. ಓರೆಗೆರೆಯ ಜಾಗ ತಿಂಗಳಿಂದ ತಿಂಗಳಿಗೆ ಕುಗ್ಗಿ, ಕೊನೆಗೆ ಎರಡು ಮನೆಯಷ್ಟು ಸಣ್ಣ ಬಾಗು ಉಳಿದಿತ್ತು. ನೀರು ಇಂಗಿದ ಮೇಲೂ ಸಣ್ಣ ಸೊಟ್ಟ, ಬಣ್ಣ ಸ್ವಲ್ಪ ಮಂಕು ಉಳಿಯುವುದು ಇದರಲ್ಲಿ ಸಾಮಾನ್ಯ. ಒಂದೇ ದಿನದ ಹಾಳೆಗಳಲ್ಲಿ ಮಾತ್ರ ಗೊಂದಲ. ರಾತ್ರಿ ಹನ್ನೊಂದರದು ದೊಡ್ಡದು, ಬೆಳಗ್ಗೆ ಆರರದು ಚಿಕ್ಕದು. ಅಳೆಯುವವನಿಗೆ ಸುಸ್ತಾಗಿದ್ದರೆ ಅಳತೆ ನಂಬಬೇಡ ಎಂದು ಅವರೇ ಶಿಷ್ಯರಿಗೆ ಹೇಳುತ್ತಾರಂತೆ.

ವಾರಕ್ಕೊಂದು ಹಾಳೆ

ಆವತ್ತು ಒಂದು ಒಪ್ಪಂದ ಆಯಿತು. ಭಾನುವಾರ ಬೆಳಗ್ಗೆ, ಒಂದೇ ಕಿಟಕಿಯ ಬೆಳಕು, ಕನ್ನಡಕ ಹಾಕಿ, ಒಂದೊಂದು ಕಣ್ಣಿಗೆ ಒಂದು ಹಾಳೆ. ಉಳಿದ ಹಾಳೆಗಳು ಮನೆಯವರ ಬೀರುವಿನಲ್ಲಿ. ಬಾಗು ಹಿಂದಿನ ವಾರಕ್ಕಿಂತ ಸ್ಪಷ್ಟವಾಗಿ ದೊಡ್ಡದಾದರೆ, ಹೊಸ ಕಪ್ಪು ಕಲೆ ಬಂದರೆ, ಮಾರನೇ ದಿನ ಫೋನ್ ಮಾಡದೆ ನೇರ ಬರಬಹುದು. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಮಿಂಚು ಹೊಡೆದಂತೆ ಬೆಳಕು, ಪರದೆ ಇಳಿದಂತೆ ನೆರಳು, ಈ ಮೂರರಲ್ಲಿ ಯಾವುದು ಬಂದರೂ ಭಾನುವಾರಕ್ಕೆ ಕಾಯಬಾರದು, ಆವತ್ತೇ ಬರಬೇಕು. ಅದು ಅಕ್ಷಿಪಟಲ ಹರಿದ ಅಥವಾ ಕಳಚಿದ ಸೂಚನೆ ಇರಬಹುದು. ಇದನ್ನೆಲ್ಲ ಕಾಗದದ ಮೇಲೆ ಬರೆದುಕೊಟ್ಟೆ. ಬಾಯಲ್ಲಿ ಹೇಳಿದ್ದನ್ನು ಭಯ ರಾತ್ರಿ ಹೊತ್ತಿಗೆ ತಿದ್ದಿಬಿಡುತ್ತದೆ.

ಒಪ್ಪಂದ ಒಂದೇ ಸಾಲಲಿಲ್ಲ. ಹಾಳೆ ಬೀರುವಿಗೆ ಹೋಯಿತು, ಆದರೆ ಬಾಗಿಲು, ಕರೆಂಟ್ ಕಂಬ ಎಲ್ಲಿಗೆ ಹೋಗಬೇಕು? ಕಣ್ಣು ಮುಚ್ಚಿ ಮುಚ್ಚಿ ನೋಡುವ ಚಟ ನಿಲ್ಲಲಿಲ್ಲ. ಡಾಕ್ಟರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕಳಿಸಿದರು. “ನಂಗೆ ಹುಚ್ಚು ಅಂತೀರಾ ಮೇಡಂ?” ಎಂದು ನನ್ನ ಮುಖ ನೋಡಿದರು. ಇಂಥ ಜಾಗದಲ್ಲಿ ಏನು ಹೇಳುತ್ತೇವೆ ಎನ್ನುವುದರ ಮೇಲೆ ರೋಗಿ ಹೋಗುತ್ತಾರೋ ಬಿಡುತ್ತಾರೋ ನಿಂತಿರುತ್ತದೆ. ನಿಮ್ಮ ಕಣ್ಣಿನದು ನಿಜವಾದ ಕಾಯಿಲೆ, ಅದು ಹೋಯಿತು. ಈಗಿನ ನಿದ್ದೆಗೇಡೂ ನಿಜವಾದದ್ದೇ, ಅದಕ್ಕೆ ನಮ್ಮ ಹತ್ತಿರ ಯಂತ್ರ ಇಲ್ಲ, ಅವರ ಹತ್ತಿರ ಇದೆ ಎಂದೆ. ಮನೆಯವರು ಬಲವಂತ ಮಾಡಿದ್ದರಿಂದ ಹೋದರು ಎನ್ನುವುದೂ ಅಷ್ಟೇ ನಿಜ.

ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ಹೇಳಿದರು. ಬಾಗಿಲು ನೋಡಬೇಕು ಅನ್ನಿಸಿದಾಗ ಎರಡೂ ಕಣ್ಣು ತೆರೆದೇ ಇರುವುದು. ಒಂದು ಕಣ್ಣು ಮುಚ್ಚುವ ತವಕ ಬಂದರೆ ಮೊದಲು ಐದು ನಿಮಿಷ ಮುಂದೂಡುವುದು, ಆಮೇಲೆ ಹತ್ತು, ಆಮೇಲೆ ಅರ್ಧ ಗಂಟೆ. ತವಕ ಏರಿ, ನಿಂತು, ತಾನಾಗಿ ಇಳಿಯುವುದನ್ನು ಗಮನಿಸುವುದು. ನೋಡಿದಾಗ ಬರುವ ಸಮಾಧಾನವೇ ಮುಂದಿನ ಸಲದ ತವಕಕ್ಕೆ ಮೇವು ಹಾಕುತ್ತದೆ ಎಂದು ಕೌನ್ಸೆಲರ್ ಹೇಳಿದ್ದು ಅವರಿಗೆ ಹಿಡಿಸಿತ್ತು. ಮೊಬೈಲಿನಲ್ಲಿ ಕಾಯಿಲೆ ಹುಡುಕುವುದಕ್ಕೂ ಇದೇ ನಿಯಮ. ನಿದ್ದೆಗೆ ಸ್ವಲ್ಪ ಕಾಲ ಔಷಧವೂ ಇತ್ತು. ದೂರ ಇರುವವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಗಣೇಶನ ಹಬ್ಬದ ಹೊತ್ತಿಗೆ ಬೈಕ್ ಹತ್ತಿದ್ದರು. ದೀಪಾವಳಿ ಕಳೆದ ಮೇಲೆ 11ಇ ಅರ್ಜಿಗಳನ್ನು ಮತ್ತೆ ಹಿಡಿದರು. ಸಣ್ಣ ಬಾಗು ಹಾಗೇ ಇದೆ. ಎರಡೂ ಕಣ್ಣು ತೆರೆದಾಗ ಗೊತ್ತಾಗುವುದಿಲ್ಲ ಎಂದರು.

ನಾವು ಬದಲಿಸಿಕೊಂಡದ್ದು

ಮೊದಲನೆಯದು ಕೇಸ್ ಶೀಟ್. ‘ಔಷಧ ತೆಗೆದುಕೊಳ್ಳುತ್ತೀರಾ’ ಎಂಬ ಒಂದೇ ಸಾಲಿನ ಜಾಗದಲ್ಲಿ ಈಗ ಮೂಗಿನ ಸ್ಪ್ರೇ, ಉಸಿರಿನ ಪಂಪ್, ಗಜಕರ್ಣದ ಮುಲಾಮು, ಮುಖ ಬೆಳ್ಳಗಾಗುವ ಕ್ರೀಮ್, ಮಂಡಿ ಇಂಜೆಕ್ಷನ್, ಹೆಸರಿಲ್ಲದ ಮಾತ್ರೆ ಪೊಟ್ಟಣ ಎಂದು ಬಿಡಿಬಿಡಿಯಾಗಿದೆ. ಜೊತೆಗೆ ಬಂದವರನ್ನೂ ಕೇಳುತ್ತೇವೆ. ನನ್ನ ಅನುಭವದಲ್ಲಿ ಗಂಡಸರ ಔಷಧದ ಲೆಕ್ಕ ಇರುವುದು ಹೆಂಡತಿಯ ಬ್ಯಾಗಿನಲ್ಲಿ.

ಎರಡನೆಯದು, ಗೆರೆ ಬಾಗಿದೆ ಎಂದು ಬಂದವರು ಎಷ್ಟು ಅಕ್ಷರ ಓದಿದರೂ ಹನಿ ಹಾಕಿ ಒಳಗೆ ನೋಡದೆ ಕಳಿಸುವುದಿಲ್ಲ. ಅಕ್ಷರದ ಹಲಗೆ ಸೊಟ್ಟವನ್ನು ಅಳೆಯುವುದಿಲ್ಲ. ‘ಟೆನ್ಷನ್’ ಎಂಬ ಮಾತನ್ನು ಎಲ್ಲಾ ಪರೀಕ್ಷೆ ಮುಗಿಯುವ ತನಕ ನಮ್ಮಲ್ಲಿ ಯಾರೂ ಆಡಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದಾರೆ.

ಮೂರನೆಯದರ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಮನೆಗೆ ಗ್ರಿಡ್ ಕೊಡಬೇಕಾ ಎನ್ನುವುದು. ವಯಸ್ಸಾದವರಲ್ಲಿ ಸವೆತ ಶುರುವಾಗಿದ್ದರೆ ಕೊಡಲೇಬೇಕು, ಬೇಗ ಬರಲು ಅದೇ ದಾರಿ. ಹೆದರುವ ಸ್ವಭಾವದವರಿಗೆ ಕೊಡುವುದೇ ಬೇಡ ಎಂದು ಸಹೋದ್ಯೋಗಿಯೊಬ್ಬರ ವಾದ. ಕೊಡದಿದ್ದರೆ ಟೈಲ್ಸ್ ಇದೆ, ಕಂಬ ಇದೆ. ಆದ್ದರಿಂದ ಕೊಡಬೇಕು, ಜೊತೆಗೆ ವಾರ, ಸಮಯ, ಬೆಳಕು ಬರೆದೇ ಕೊಡಬೇಕು ಎನ್ನುವುದು ನನ್ನ ಪಕ್ಷ.

ಮತ್ತೆ ಬಂದದ್ದು

ಸಿಎಸ್‌ಸಿ ಮರುಕಳಿಸುವ ಕಾಯಿಲೆ. ಮುಂದಿನ ಬೇಸಿಗೆಯಲ್ಲಿ ಒಂದು ಸೋಮವಾರ ಸರ್ವೇಯರ್ ಬಂದರು. ಕೈಯಲ್ಲಿ ಎರಡೇ ಹಾಳೆ, ಹಿಂದಿನ ಭಾನುವಾರದ್ದು ಮತ್ತು ನಿನ್ನೆಯದು. ನಿನ್ನೆಯದರಲ್ಲಿ ಚುಕ್ಕೆಯ ಮೇಲ್ಗಡೆ ಹೊಸ ಓರೆಗೆರೆ. ಓಸಿಟಿಯಲ್ಲಿ ಅದೇ ಜಾಗಕ್ಕೆ ಹೊಂದುವಂತೆ ತೆಳ್ಳಗೆ ನೀರಿತ್ತು.

ನಾನು ಪಟ್ಟಿ ಓದುವ ಮೊದಲೇ ಜೇಬಿನಿಂದ ಒಂದು ಟ್ಯೂಬ್ ತೆಗೆದರು. ಬೆವರಿಗೆ ತೊಡೆ ಸಂದಿಯಲ್ಲಿ ಗಜಕರ್ಣ ಆಗಿ, ಅಂಗಡಿಯಲ್ಲಿ ಮುಲಾಮು ತಗೊಂಡು ತಿಂಗಳುಗಟ್ಟಲೆ ಹಚ್ಚಿದ್ದರು. ಶಿಲೀಂಧ್ರದ ಔಷಧದ ಜೊತೆ ಕ್ಲೋಬೆಟಾಸೋಲ್ ಎಂಬ ಗಟ್ಟಿ ಸ್ಟಿರಾಯ್ಡ್ ಸೇರಿದ್ದ ಮುಲಾಮು. “ಭಾನುವಾರ ರಾತ್ರಿ ಟ್ಯೂಬ್ ಮೇಲಿನ ಚೀಟಿ ಓದಿದೆ. ಇದೂ ಅದೇ ಅಲ್ವಾ ಮೇಡಂ?” ಅದೇ. ಚರ್ಮದ ಡಾಕ್ಟರಿಗೆ ಕಳಿಸಿದೆವು. ಗಜಕರ್ಣಕ್ಕೂ ಆ ಮಿಶ್ರಣ ಒಳ್ಳೆಯದಲ್ಲ, ಕೆರೆತ ನಿಲ್ಲಿಸಿ ಸೋಂಕನ್ನು ಬೆಳೆಸುತ್ತದೆ.

ಕಣ್ಣಿಗೆ ಈ ಸಲವೂ ಕಾದು ನೋಡುವುದು ಎಂದು ಡಾಕ್ಟರು ತೀರ್ಮಾನಿಸಿದರು. ಮೂರು ನಾಲ್ಕು ತಿಂಗಳಲ್ಲಿ ಇಂಗದಿದ್ದರೆ ಅಥವಾ ಹೀಗೇ ಮತ್ತೆ ಮತ್ತೆ ಬರುತ್ತಿದ್ದರೆ ಚಿಕಿತ್ಸೆಯ ಮಾತು. ಸರ್ವೇಯರ್ ಬೈಕ್ ಓಡಿಸಬಹುದಾ ಎಂದು ಕೇಳಿದರು, ಮುಂದಿನ ಸ್ಕ್ಯಾನ್ ಯಾವಾಗ ಎಂದು ಕೇಳಿದರು. ಬುಧವಾರ ಬರೆಯಹೊರಟೆ. ಬುಧವಾರ ಪೋಡಿ ಅಳತೆ ಇದೆ, ಗುರುವಾರ ಹಾಕಿ ಎಂದರು.